ಹೊಸ ಮಾಸ್ಟರ್ ಪ್ಲಾನ್ ಬರುವ ತನಕ ಭೂಬಳಕೆ ಬದಲಾವಣೆ (14ಎ) ನಿಲ್ಲಿಸಬೇಕೆ?

ಕೆರೆಕೋಡಿ:
ಬೆಂಗಳೂರು ಇನ್ನೂ ನಡೆಯುತ್ತಿರುವುದು 2007ರ ಜೂನ್‌ನಲ್ಲಿ ಒಪ್ಪಿಗೆಯಾದ ‘2015ರ ಮಾಸ್ಟರ್ ಪ್ಲಾನ್’ ಮೇಲೆ, ಅಂದರೆ ಯಾವ ಜಮೀನು ಯಾವ ಬಳಕೆಗೆ ಅಂತ ಬಣ್ಣದಲ್ಲಿ ಗುರುತಿಸಿದ ನಗರ ಯೋಜನೆಯ ಮೇಲೆ. 2031ರ ಕರಡು 2017ರ ನವೆಂಬರ್‌ನಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ ಕಾಯ್ದೆಯೇ ಹೇಳುತ್ತೆ. ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ ಇದ್ದದ್ದು 2011ಕ್ಕೇ 96 ಲಕ್ಷ ಆಗಿತ್ತು. ಒಟ್ಟು ಯೋಜನೆ ಮಾಡುವವರಿಲ್ಲ, ಆದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಭೂಬಳಕೆ ಬದಲಿಸಲು ಬಿಡುವ 14ಎ ಕಲಂ ಹಿಡಿದು ಒಂದೊಂದೇ ಸರ್ವೆ ನಂಬರಿನ ಬಣ್ಣ ಬದಲಾಗುತ್ತಲೇ ಇದೆ. ಕೃಷಿ ವಲಯದಿಂದ ವಸತಿಗೆ ಅಥವಾ ವಾಣಿಜ್ಯಕ್ಕೆ ಹೋಗುವ ಭೂಬಳಕೆ ಬದಲಾವಣೆಗಳನ್ನು ಹೊಸ ಪ್ಲಾನ್ ಬರುವ ತನಕ ನಿಲ್ಲಿಸಿ ಅನ್ನೋದು ನನ್ನ ವಾದ. ಹೊರವಲಯದ ಆನೇಕಲ್, ಹೊಸಕೋಟೆ, ನೆಲಮಂಗಲ ಪ್ರಾಧಿಕಾರಗಳಲ್ಲೂ.

ಸೈಟ್‌ಕಲ್ಲು:
ನಿಲ್ಲಿಸಿದರೆ ನಿಲ್ಲುವುದು ಅರ್ಜಿ, ಕಟ್ಟಡವಲ್ಲ. ಕೃಷಿ ವಲಯದ ಜಮೀನು 14ಎ ದಾಟದೆ ಡಿಸಿ ಕನ್ವರ್ಷನ್ (ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಯ ಅನುಮತಿ) ಆಗಲ್ಲ. ಆ ದಾರಿ ಮುಚ್ಚಿದರೆ ರೆವಿನ್ಯೂ ಲೇಔಟ್ (ಅನುಮೋದನೆ ಇಲ್ಲದ ಬಡಾವಣೆ) ದಾರಿ ತೆರೆದೇ ಇದೆ: ಎರಡು ಎಕರೆಗೆ ಜೆಸಿಬಿ ಹೊಡೆಸಿ, 20 ಅಡಿ ಮಣ್ಣಿನ ರಸ್ತೆ ಬಿಟ್ಟು, 30–40 ಸೈಟಿಗೆ ಕಲ್ಲು ನೆಟ್ಟರೆ ಆಯ್ತು. ಪಾರ್ಕ್ ಇಲ್ಲ, ಸಿಎ (ನಾಗರಿಕ ಸೌಲಭ್ಯದ) ಜಾಗ ಇಲ್ಲ, ಚರಂಡಿ ಪಕ್ಕದವನ ಹೊಲಕ್ಕೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಅಲ್ಲಿಗೆ ಇದ್ದ ಒಂದು ಗೇಟೂ ಹೋಯ್ತು. ಅನುಮೋದಿತ ಬಡಾವಣೆಯಲ್ಲಿ ಕನಿಷ್ಠ ರಸ್ತೆ, ಪಾರ್ಕ್ ಕೇಳಲು ಒಂದು ಕಾಗದ ಇರುತ್ತೆ. ನಿಮ್ಮ ಬೀಗದಿಂದ ಲಾಭ ಆಗೋದು ಕಾಗದ ಇಲ್ಲದವನಿಗೆ.

ನಕ್ಷೆಗಾರ್ತಿ:
ಇಬ್ಬರೂ 14ಎ ಅನ್ನು ಒಂದೇ ವಸ್ತು ಅಂದುಕೊಂಡಿದ್ದೀರಿ. ಅದರೊಳಗೆ ಮುಖ್ಯವಾಗಿ ಮೂರು ಬಗೆ ಇದೆ. ನಕ್ಷೆಯಲ್ಲಿ ತಪ್ಪಾಗಿ ಬಣ್ಣ ಬಿದ್ದದ್ದನ್ನು ಸರಿಪಡಿಸುವುದು ಒಂದು. ಇದನ್ನು ನಿಲ್ಲಿಸಿದರೆ ಅನ್ಯಾಯ. ಎರಡನೆಯದು ಕೈಗಾರಿಕೆ ಅಥವಾ ವಾಣಿಜ್ಯದಿಂದ ವಸತಿಗೆ ಬರುವುದು. ಶುಲ್ಕ ಕಟ್ಟಿ ಮೊದಲೇ ತಿಳಿಸಿದರೆ ಅನುಮತಿ ಸಿಕ್ಕಂತೆಯೇ ಅಂತ ಕಾಯ್ದೆ ಹೇಳುವುದರಿಂದ ಇದು ನಿಮ್ಮ ತಡೆಗೆ ಸಿಗೋದೂ ಇಲ್ಲ. ಜಗಳ ಇರುವುದು ಮೂರನೆಯದರಲ್ಲಿ, ‘ಆಯಾ ಸಮಯದ ಸಂದರ್ಭ’ ಅನ್ನೋ ಕಾರಣ ಕೊಟ್ಟು ಮಾಡುವ ಬದಲಾವಣೆ. ಈ ಮಾತಿನ ಅಗಲದಲ್ಲಿ ಲಾರಿ ತಿರುಗಿಸಬಹುದು. ಇಲ್ಲೂ ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಸರ್ಕಾರದ ಪೂರ್ವಾನುಮೋದನೆ ಬೇಕು. ಅನುಮೋದನೆ ‘ಕೊಡಬಹುದು’ ಅಂತಷ್ಟೇ ಇದೆ, ಕೊಡಲೇಬೇಕು ಅಂತಿಲ್ಲ. ಆದರೆ ‘ಎಲ್ಲ ಅರ್ಜಿ ಬಂದ್’ ಅಂತ ಒಂದೇ ಸಾಲಿನ ಸುತ್ತೋಲೆ ಹೊರಡಿಸಿದರೆ ಪ್ರತಿ ಅರ್ಜಿದಾರನೂ ಹೈಕೋರ್ಟಿಗೆ ರಿಟ್ ಹಾಕ್ತಾನೆ. ತಿರಸ್ಕಾರಕ್ಕೆ ಆ ಸರ್ವೆ ನಂಬರಿನದೇ ಕಾರಣ ಬೇಕು.

ಕೆರೆಕೋಡಿ:
ಕಾರಣ ತಾನೇ? ನೀರಿನ ಲೆಕ್ಕ ಕೊಡ್ತೀನಿ. 500 ಫ್ಲಾಟ್, ಮನೆಗೆ 4 ಜನ, ತಲೆಗೆ 135 ಲೀಟರ್: ದಿನಕ್ಕೆ 2.7 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 22ರಿಂದ 23 ಲೋಡ್, ಪ್ರತಿದಿನ. ಕಾವೇರಿ 5ನೇ ಹಂತದ 775 ಎಂಎಲ್‌ಡಿ (ದಿನಕ್ಕೆ 77.5 ಕೋಟಿ ಲೀಟರ್) ಇರುವುದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ. ಸರ್ಜಾಪುರದ ಆಚೆಯ ಪಂಚಾಯಿತಿಗಳಿಗಲ್ಲ. ಆನೇಕಲ್, ಹೊಸಕೋಟೆ ಎರಡೂ ಅಂತರ್ಜಲ ಅತಿಬಳಕೆಯ ತಾಲ್ಲೂಕುಗಳು. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಬೇಕಾಯ್ತು: 5 ಕಿ.ಮೀ. ಒಳಗೆ 12,000 ಲೀಟರಿಗೆ ₹1,000. ದರ ಕಟ್ಟಬಹುದು, ಬೋರ್‌ವೆಲ್ಲಿನಲ್ಲಿ ನೀರು ಕಟ್ಟಲಾಗದು.

ಸೈಟ್‌ಕಲ್ಲು:
ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಮರೆತಿರಿ. ಬಳಸಿದ್ದರಲ್ಲಿ ಶೇ 80 ಕೊಳಚೆಯಾಗಿ ಬರುತ್ತೆ, ಅದು ಶುದ್ಧವಾಗಿ ಫ್ಲಶ್‌ಗೆ, ಗಿಡಕ್ಕೆ ಹೋಗುತ್ತೆ. ಹೊಸ ನೀರಿನ ಬೇಡಿಕೆ ಅಷ್ಟು ಇರಲ್ಲ.

ಕೆರೆಕೋಡಿ:
ಮರೆತಿಲ್ಲ. 2.7 ಲಕ್ಷದಲ್ಲಿ ಶೇ 80 ಅಂದರೆ 2.16 ಲಕ್ಷ ಲೀಟರ್. ತಲೆಗೆ 45 ಲೀಟರಿನಂತೆ ಫ್ಲಶ್‌ಗೆ 90,000, ತೋಟಕ್ಕೆ 20–30 ಸಾವಿರ. ಉಳಿದ ಒಂದು ಲಕ್ಷ ಎಲ್ಲಿಗೆ? ಹೊರವಲಯದಲ್ಲಿ ಒಳಚರಂಡಿ ಇಲ್ಲ. ರಾಜಕಾಲುವೆಗೆ ಹೋಗುತ್ತೆ, ಅಲ್ಲಿಂದ ಕೆರೆಗೆ. ಎಸ್‌ಟಿಪಿಯ ಬ್ಲೋವರ್ ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಆಫ್ ಮಾಡಿದರೆ ಗಾಳಿ ಸಿಗದೆ ಬ್ಯಾಕ್ಟೀರಿಯಾ ಸಾಯುತ್ತೆ, ಬೆಳಗ್ಗೆ ಕಪ್ಪು ನೀರೇ ಹೊರಗೆ. ಪ್ರಾಧಿಕಾರದ ಮುಂದೆ ಬರುವ ಭೂಬಳಕೆ ಬದಲಾವಣೆಯ ಕಡತದಲ್ಲಿ ಈ ಉಳಿಕೆ ನೀರಿನ ಕಾಲಂ ತೋರಿಸಿ ನೋಡೋಣ.

ಬೇ ಏರಿಯಾ ಕನ್ನಡಿಗ:
ಹೋಲಿಕೆಗೆ ಮಾತ್ರ ಹೇಳ್ತಿದ್ದೀನಿ, ಇಲ್ಲಿನದೇ ಸರಿ ಅಂತಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಗರಸಭೆ ತುರ್ತು ತಡೆ ತರಬಹುದು, ಐದರಲ್ಲಿ ನಾಲ್ಕು ಪಾಲು ಮತ ಬೇಕು. ಮೊದಲು 45 ದಿನ, ಆಮೇಲೆ 10 ತಿಂಗಳು 15 ದಿನ, ಆಮೇಲೆ ಒಂದು ವರ್ಷ. ಒಟ್ಟು ಎರಡು ವರ್ಷ ದಾಟುವಂತಿಲ್ಲ. ಅವಧಿ ಮುಗಿಯುವ 10 ದಿನ ಮೊದಲೇ ‘ಈ ತನಕ ಏನು ಮಾಡಿದೆವು’ ಅನ್ನೋ ವರದಿ ಕೊಡಬೇಕು. ಆದರೆ ಮನೆಗಳ ಕೊರತೆ ಹೆಚ್ಚಿ, ವಸತಿ ನಿರ್ಮಾಣಕ್ಕೆ ಇಂಥ ತಡೆ ಹಾಕುವ ಅಧಿಕಾರವನ್ನೇ 2019ರಲ್ಲಿ ಅದೇ ರಾಜ್ಯ ಬಹುಮಟ್ಟಿಗೆ ಕಿತ್ತುಕೊಂಡಿತು. ‘ಹೊಸ ಪ್ಲಾನ್ ಬರುವ ತನಕ’ ಅನ್ನೋದು ಗಡುವಲ್ಲ ಕೆರೆಕೋಡಿಯವರೇ. ನಿಮ್ಮಲ್ಲಿ ಅದು ಬರದೇ ಎಷ್ಟು ವರ್ಷ ಆಯ್ತು ಅಂತ ನೀವೇ ಮೇಲೆ ಬರೆದಿದ್ದೀರಿ.

ಪಹಣಿ_ಪುಟ:
ರೈತನ ಕಡೆಯಿಂದ ಒಂದು ಮಾತು. ಸುತ್ತ ಅಪಾರ್ಟ್‌ಮೆಂಟ್ ಎದ್ದ ಮೇಲೆ ನಡುವಿನ ಒಂದೂವರೆ ಎಕರೆಯಲ್ಲಿ ರಾಗಿ ಬೆಳೆಯೋಕಾಗಲ್ಲ: ಟ್ರ್ಯಾಕ್ಟರ್ ಹೋಗೋ ದಾರಿ ಮುಚ್ಚಿರುತ್ತೆ, ಕೊಳಚೆ ನುಗ್ಗುತ್ತೆ, ಕೂಲಿಯವರು ಸಿಗಲ್ಲ. ಮೊದಲು ಮಾರಿದವನಿಗೆ ಬದಲಾವಣೆ ಕೊಟ್ಟು, ಕಾದವನಿಗೆ ತಡೆ ಹಾಕೋದು ಯಾವ ನ್ಯಾಯ? ಪಾರ್ಕ್ ಅಂತ ಬಣ್ಣ ಹೊಡೆದ ಜಮೀನಿನ ಪಾಡೂ ನೋಡಿ. ಅದೇ ಯೋಜನಾ ಕಾಯ್ದೆಯ 69(2)ರ ಪ್ರಕಾರ ಐದು ವರ್ಷದೊಳಗೆ ಸ್ವಾಧೀನಕ್ಕೆ ಮುಂದಾಗದಿದ್ದರೆ ಆ ಮೀಸಲು ರದ್ದಾದಂತೆ. ಆಮೇಲೂ ಮಾಲೀಕ ಏನನ್ನೂ ಕಟ್ಟಲಾಗದೆ ಕಡತ ಹಿಡಿದು ಓಡಾಡ್ತಾನೆ. ತಡೆ ಹಾಕೋದಾದರೆ ಇವೆರಡನ್ನು ಹೊರಗಿಡಿ.

ನಕ್ಷೆಗಾರ್ತಿ:
ಒಪ್ಪಿದೆ. ಹಾಗಾದರೆ ತಡೆ ಊರಿಗೆಲ್ಲ ಬೇಡ. ಒಳಚರಂಡಿ ಜಾಲ ಮುಟ್ಟದ, ಅಂತರ್ಜಲ ಅತಿಬಳಕೆಯ ಕಡೆ ಮಾತ್ರ ಹಾಕಿ. ಸುತ್ತಲೂ ಕಟ್ಟಿದ ಸಣ್ಣ ತುಂಡುಗಳನ್ನು ಬಿಡಿ. 12 ತಿಂಗಳ ಗಡುವು ಇರಲಿ.

ಸೈಟ್‌ಕಲ್ಲು:
ಆ 12 ತಿಂಗಳಲ್ಲಿ ಪಂಚಾಯಿತಿ ಹೊಸ ರೆವಿನ್ಯೂ ಸೈಟಿಗೆ ಖಾತೆ ಕೊಡಬಾರದು, ಬೆಸ್ಕಾಂ ಮೀಟರ್ ಕೊಡಬಾರದು. ಅದಕ್ಕೂ ತಯಾರಿದ್ದರೆ ನಾನೂ ಸೈ. ಇಲ್ಲದಿದ್ದರೆ ನನ್ನ ಮೊದಲ ಕಾಮೆಂಟೇ ಉತ್ತರ.

ಕೆರೆಕೋಡಿ:
ಗಡುವಿನ ಮಾತು ಒಪ್ಪಿದೆ, 12ಕ್ಕೆ ಬದಲು 18 ತಿಂಗಳು ಇರಲಿ. ಸರ್ಕಾರ ಮಾಡುವ ತನಕ ನಮ್ಮ ಕೈಯಲ್ಲಿ ಏನಿದೆ?

ನಕ್ಷೆಗಾರ್ತಿ:
ಆಕ್ಷೇಪಣೆ ಇದೆ. ಮೇಲೆ ಹೇಳಿದ ಎರಡನೆಯ ಬಗೆ ಬಿಟ್ಟು ಪ್ರತಿ ಬದಲಾವಣೆಗೂ ದಿನಪತ್ರಿಕೆಯಲ್ಲಿ ಪ್ರಕಟಣೆ ಬರಲೇಬೇಕು, ಕನಿಷ್ಠ 15 ದಿನ ಸಮಯ. ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತೆ, ಸರ್ವೆ ನಂಬರ್ ಮತ್ತು ಎಕರೆ-ಗುಂಟೆ ಇಷ್ಟೇ ಇರುತ್ತೆ. ಮೊದಲು ಆ ಸರ್ವೆ ನಂಬರನ್ನು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಹಾಕಿ, ಹಳೆಯ ಗ್ರಾಮ ನಕ್ಷೆಯ ಜೊತೆ ಹೋಲಿಸಿ, ಹಳ್ಳ ಅಥವಾ ಕಾಲುವೆ ಹಾದಿದೆಯಾ ನೋಡಿ. 2015ರ ಪ್ಲಾನಿನ ಪ್ರಕಾರ ಕಟ್ಟದೆ ಬಿಡಬೇಕಾದ ಜಾಗ ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆ ನೋಡಿ ನಡುಗೆರೆಯಿಂದ 50, 25, 15 ಮೀಟರ್. ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಹೇಳಿದ್ದ 75 ಮೀಟರ್ ಬರೆಯಬೇಡಿ, ಸುಪ್ರೀಂ ಕೋರ್ಟ್ ಅದನ್ನು 2019ರಲ್ಲೇ ರದ್ದು ಮಾಡಿದೆ. ಆ ಒಂದು ತಪ್ಪು ಹಿಡಿದು ಇಡೀ ಅರ್ಜಿ ಪಕ್ಕಕ್ಕಿಡ್ತಾರೆ. ಹೊರವಲಯದಲ್ಲಾದರೆ ಆಯಾ ಪ್ರಾಧಿಕಾರದ ವಲಯ ನಿಯಮಾವಳಿ ನೋಡಿ. ‘ಪರಿಸರ ಹಾಳಾಗುತ್ತೆ’ ಅಂತ ಐನೂರು ಜನ ಸಹಿ ಹಾಕಿದ್ದಕ್ಕಿಂತ, ಮೇಲಿನ ಉಳಿಕೆ ನೀರಿನ ಲೆಕ್ಕ, ರಸ್ತೆಯ ಅಳತೆ ತೆಗೆದ ಅಗಲ, ಕಾಲುವೆ ಗುರುತಿಸಿದ ನಕ್ಷೆ ಲಗತ್ತಿಸಿದ ಒಂದೇ ಅರ್ಜಿ ಮೇಲು. ಪ್ರಾಧಿಕಾರದ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಳ್ಳಿ. ಮುಂದೆ ರಿಟ್ ಹಾಕಬೇಕಾದರೆ ಕೇಳುವುದು ಆ ಪ್ರತಿಯನ್ನೇ.