ಕೆ'ಗಾರಿ ಮರಳು ದ್ವೀಪಕ್ಕೆ ಮಕ್ಕಳ ಜೊತೆ ಹೋಗಬಹುದಾ? ಬಾಡಿಗೆ ಗಾಡಿಯೋ, ಟೂರ್ ಬಸ್ಸೋ?

ಹೊಸಪಯಣ:
ಎಲ್ಲರಿಗೂ ನಮಸ್ಕಾರ. ನಾವು ಬ್ರಿಸ್ಬೇನ್‌ನಲ್ಲಿದ್ದೇವೆ. ಆಗಸ್ಟ್ ಕೊನೆಗೆ ಕೆ'ಗಾರಿಗೆ, ಅಂದರೆ ಮೊದಲಿನ ಫ್ರೇಸರ್ ಐಲ್ಯಾಂಡ್‌ಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ಇಡೀ ದ್ವೀಪವೇ ಮರಳು, ಆದರೂ ಒಳಗೆ ದಟ್ಟ ಕಾಡು, ಸಿಹಿನೀರಿನ ಕೆರೆಗಳಿವೆ ಅಂತ ಓದಿದಾಗಿನಿಂದ ಮಕ್ಕಳಿಗಿಂತ ನನಗೇ ಆಸೆ ಜಾಸ್ತಿ. ಮಗಳಿಗೆ ಆರು ವರ್ಷ, ಮಗನಿಗೆ ಹತ್ತು. ಫೋರ್ ವೀಲ್ ಡ್ರೈವ್ ಬಾಡಿಗೆಗೆ ತಗೊಂಡು ನಾವೇ ಓಡಿಸುವುದು ಒಳ್ಳೆಯದೋ, ಟೂರ್ ಬಸ್ಸೋ? ಮರಳಿನಲ್ಲಿ ಓಡಿಸಿ ನನಗೆ ಅಭ್ಯಾಸವಿಲ್ಲ. ಡಿಂಗೊಗಳ (ಅಲ್ಲಿನ ಕಾಡುನಾಯಿಗಳ) ಸುದ್ದಿ ಕೇಳಿ ನನ್ನ ಹೆಂಡತಿಗೆ ಭಯ. ಸಮುದ್ರದಲ್ಲಿ ಈಜಬಹುದಾ?

ಉಬ್ಬರಇಳಿತ:
ಸರ್, ಅಲ್ಲಿ ನಿಮ್ಮ ದಿನವನ್ನು ನಡೆಸುವುದು ಗಡಿಯಾರ ಅಲ್ಲ, ಉಬ್ಬರ. ಮೊದಲು ಉಬ್ಬರದ ವೇಳಾಪಟ್ಟಿ ತೆಗೆದು ಇಟ್ಟುಕೊಳ್ಳಿ, ಬಾರ್ಜ್ (ಗಾಡಿಗಳನ್ನು ದ್ವೀಪಕ್ಕೆ ದಾಟಿಸುವ ದೋಣಿ) ಬುಕಿಂಗ್ ಆಮೇಲೆ. ಪೂರ್ವ ದಡದ 75 ಮೈಲಿ ಬೀಚೇ ಅಲ್ಲಿನ ಹೆದ್ದಾರಿ, 80 ಕಿ.ಮೀ. ವೇಗದ ಮಿತಿ ಇದೆ, ಅದರ ಮೇಲೇ ಚಿಕ್ಕ ವಿಮಾನಗಳೂ ಇಳಿಯುತ್ತವೆ. ಉಬ್ಬರಕ್ಕೆ ಎರಡು ಗಂಟೆ ಮೊದಲು, ಎರಡು ಗಂಟೆ ನಂತರ ಬೀಚಿನಲ್ಲಿ ಓಡಿಸಬೇಡಿ. ಆ ಹೊತ್ತಿಗೆ ಗಟ್ಟಿ ಮರಳೆಲ್ಲ ನೀರಿನಡಿ ಹೋಗಿ ಮೇಲಿನ ಸಡಿಲ ಮರಳು ಮಾತ್ರ ಉಳಿಯುತ್ತದೆ, ಗಾಡಿ ಹೂತುಕೊಳ್ಳುವುದು ಅಲ್ಲೇ. ಟೈರಿನ ಗಾಳಿ ಇಳಿಸಲೇಬೇಕು, ಸಾಮಾನ್ಯವಾಗಿ 18ರಿಂದ 20 ಪಿಎಸ್‌ಐ ಇಡುತ್ತಾರೆ. ಗಾಳಿ ತುಂಬುವ ಪಂಪ್, ಸಲಿಕೆ ಜೊತೆಗಿರಲಿ. ಬೀಚಿಗೆ ಅಡ್ಡ ಹರಿಯುವ ತೊರೆಗಳು ದೂರಕ್ಕೆ ಕಾಣುವುದಿಲ್ಲ. ನೀರು ಮರಳನ್ನು ಕೊರೆದು ಮೆಟ್ಟಿಲಿನ ಹಾಗೆ ಅಂಚು ಮಾಡಿರುತ್ತದೆ, ವೇಗದಲ್ಲಿ ಹೋದರೆ ಗಾಡಿ ಎಗರುತ್ತದೆ. ಗಾಡಿಗೆ ಪರ್ಮಿಟ್ ಬೇರೆ, ಕ್ಯಾಂಪಿಂಗಿಗೆ ಬೇರೆ. ನನ್ನನ್ನು ಕೇಳಿದರೆ ಅಭ್ಯಾಸವಿಲ್ಲದೆ ಮಕ್ಕಳನ್ನು ಕೂರಿಸಿಕೊಂಡು ಮೊದಲ ಸಲವೇ ಓಡಿಸಬೇಡಿ, ಬಸ್ಸಿನಲ್ಲೇ ಹೋಗಿ.

ಕಾಡುದಾರಿ:
ಗಾಡಿ ವಿಷಯ ಒಪ್ಪಿದೆ. ಆದರೆ ಎಲ್ಲರೂ ಬೀಚಿನ ಬಗ್ಗೆ ಮಾತ್ರ ಹೇಳುತ್ತಾರೆ. ಮಹೆನೊ ಹಡಗಿನ ಅವಶೇಷ (1935ರ ಚಂಡಮಾರುತಕ್ಕೆ ಸಿಕ್ಕಿ ದಡ ಸೇರಿದ್ದು) ನೋಡಿ, ಫೋಟೊ ತೆಗೆದು, ವಾಪಸ್ ಬಂದುಬಿಡುತ್ತಾರೆ. ಆ ದ್ವೀಪದ ಜೀವ ಇರುವುದು ಒಳಗೆ. ಸೆಂಟ್ರಲ್ ಸ್ಟೇಷನ್ (ರೈಲು ನಿಲ್ದಾಣ ಅಲ್ಲ, ಕಾಡಿನೊಳಗಿನ ಜಾಗದ ಹೆಸರು) ಹತ್ತಿರ ವಾಂಗೂಲ್ಬಾ ತೊರೆಯ ಪಕ್ಕದ ಹಲಗೆ ದಾರಿಯಲ್ಲಿ ನಿಧಾನವಾಗಿ ನಡೆಯಿರಿ. ತಳದಲ್ಲಿ ಬಿಳಿ ಮರಳು, ಕಲ್ಲೇ ಇಲ್ಲ, ಹಾಗಾಗಿ ನೀರು ಸದ್ದೇ ಮಾಡುವುದಿಲ್ಲ. ಎಷ್ಟು ತಿಳಿ ಅಂದರೆ ಮೇಲೊಂದು ಎಲೆ ತೇಲಿಹೋದರೆ ಮಾತ್ರ ನೀರಿದೆ ಅಂತ ಗೊತ್ತಾಗುತ್ತದೆ. ಬರೀ ಮರಳಿನಲ್ಲಿ ಅಷ್ಟು ಎತ್ತರದ ಮರಗಳು ಹೇಗೆ ನಿಂತಿವೆ ಅಂತ ಮಗ ಕೇಳಿಯೇ ಕೇಳುತ್ತಾನೆ. ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರಗಳು ಮರಳಿನಿಂದ ಪೋಷಕಾಂಶ ಹೀರಿ ಮರಕ್ಕೆ ಕೊಡುತ್ತವೆ, ಬಿದ್ದ ಎಲೆ ಕೊಳೆತು ಮತ್ತೆ ಗೊಬ್ಬರವಾಗುತ್ತದೆ.

ಮೆಕೆಂಜಿ ಕೆರೆಗೆ ಮಳೆನೀರು ಬಿಟ್ಟರೆ ಬೇರೆ ಮೂಲವಿಲ್ಲ, ತೊರೆಯೂ ಸೇರುವುದಿಲ್ಲ. ಸನ್‌ಸ್ಕ್ರೀನ್ ಮೆತ್ತಿಕೊಂಡು ಇಳಿದರೆ ಅದು ಹೋಗುವುದಾದರೂ ಎಲ್ಲಿಗೆ? ದಯವಿಟ್ಟು ಮಕ್ಕಳಿಗೆ ತುಂಬು ತೋಳಿನ ಈಜುಡುಗೆ ಹಾಕಿಸಿ. ವಾಬಿ ಕೆರೆಗೂ ಹೋಗಿ, ಪಕ್ಕದ ಮರಳು ದಿಬ್ಬ ಅದನ್ನು ನಿಧಾನವಾಗಿ ನುಂಗುತ್ತಿದೆ. ಆ ದಿಬ್ಬದಿಂದ ಓಡಿಬಂದು ನೀರಿಗೆ ಧುಮುಕಲು ಮಾತ್ರ ಬಿಡಬೇಡಿ, ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರಿದ್ದಾರೆ.

ಅಮ್ಮಂದಿರಕೂಟ:
ಡಿಂಗೊ ಬಗ್ಗೆ ನಿಮ್ಮ ಹೆಂಡತಿಯ ಭಯ ಸುಮ್ನೆ ಅಲ್ಲ. ಆರು ವರ್ಷದ ಮಗು ಅಂದರೆ ಸದಾ ಕೈಗೆಟುಕುವಷ್ಟು ಹತ್ತಿರ ಇರಬೇಕು, ನೀರಿನಂಚಿನಲ್ಲಿ ಆಡುವಾಗಲೂ. ಡಿಂಗೊ ಬಂದರೆ ಓಡಬಾರದು. ಅದಕ್ಕೆ ಮುಖಮಾಡಿ ನಿಂತು ನಿಧಾನವಾಗಿ ಹಿಂದೆ ಸರಿಯಬೇಕು, ಕೈಯಲ್ಲೊಂದು ಕೋಲಿದ್ದರೆ ಒಳ್ಳೆಯದು. ಇದನ್ನು ಹೊರಡುವ ಮೊದಲೇ ಮಕ್ಕಳಿಗೆ ಮನೆಯಲ್ಲಿ ಮಾಡಿ ತೋರಿಸಿ. ಊಟದ ಡಬ್ಬಿ ಹೊರಗಿಡಬೇಡಿ, ಒಂದು ಬಿಸ್ಕತ್ತೂ ಹಾಕಬೇಡಿ. ದಂಡದ ಮಾತು ಬಿಡಿ, ಮನುಷ್ಯರ ಕೈಯಿಂದ ತಿಂದು ಅಭ್ಯಾಸವಾದ ಪ್ರಾಣಿ ಮೈಮೇಲೆ ಬರಲು ಶುರುಮಾಡಿದರೆ ಕೊನೆಗೆ ಅದನ್ನೇ ಕೊಲ್ಲುತ್ತಾರೆ, ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ. ಕ್ಯಾಂಪ್ ಮಾಡುವುದಾದರೆ ಬೇಲಿ ಇರುವ ಜಾಗವನ್ನೇ ಹಿಡಿಯಿರಿ.

ಪೂರ್ವದ ಸಮುದ್ರಕ್ಕೆ ಇಳಿಯಬೇಡಿ, ಸೆಳೆತ ಜೋರು, ಶಾರ್ಕ್ ಇವೆ, ಕಾವಲಿಗೆ ಯಾರೂ ಇಲ್ಲ. ಮಕ್ಕಳಿಗೆ ಈಲೈ ತೊರೆ ಸಾಕು. ಮೇಲಿನವರೆಗೆ ನಡೆದು ಹೋಗಿ, ಟ್ಯೂಬ್ ಮೇಲೆ ಕೂತು ತೇಲುತ್ತಾ ಕೆಳಗೆ ಬರುವುದು. ನಮ್ಮ ಮನೆಯ ಮಕ್ಕಳನ್ನು ನೀರಿನಿಂದ ಎಬ್ಬಿಸುವುದೇ ಕಷ್ಟವಾಯಿತು.

ಹೊಸಪಯಣ:
ತುಂಬಾ ಥ್ಯಾಂಕ್ಸ್. ಹಾಗಾದರೆ ಬಸ್ಸೇ ಸರಿ, ರಾತ್ರಿ ದ್ವೀಪದಲ್ಲೇ ಉಳಿದು ಒಳಗಿನ ಕಾಡಿಗೆ ಜಾಸ್ತಿ ಹೊತ್ತು ಕೊಡುತ್ತೇವೆ. ಆಗಸ್ಟ್‌ನಲ್ಲಿ ತಿಮಿಂಗಿಲ ಕಾಣುತ್ತವಾ?

ಉಬ್ಬರಇಳಿತ:
ಕಾಣುತ್ತವೆ, ಸರಿಯಾದ ಕಾಲಕ್ಕೇ ಹೋಗುತ್ತಿದ್ದೀರಿ. ದಕ್ಷಿಣಕ್ಕೆ ಮರಳುವ ಹಂಪ್‌ಬ್ಯಾಕ್ ತಿಮಿಂಗಿಲಗಳು ದ್ವೀಪದ ಪಶ್ಚಿಮದ ಹರ್ವಿ ಬೇ ಕೊಲ್ಲಿಯಲ್ಲಿ ತಂಗುತ್ತವೆ, ಮರಿಗಳ ಜೊತೆ. ಟೂರಿನಲ್ಲಿ ಪೂರ್ವ ದಡದಲ್ಲಿ ಸಮುದ್ರಕ್ಕೆ ಚಾಚಿದ ಇಂಡಿಯನ್ ಹೆಡ್ ಬಂಡೆ ಇದೆಯಾ ಅಂತ ಕೇಳಿ, ಇದ್ದರೆ ಬೈನಾಕ್ಯುಲರ್ ಮರೆಯಬೇಡಿ. ಅಲ್ಲಿ ತುದಿಗೆ ಬೇಲಿ ಇಲ್ಲ, ಮಗಳ ಕೈ ಬಿಡಬೇಡಿ.