ಎರಡನೇ ಮಹಡಿಯ ಕೊತ್ತಂಬರಿ

ಭಟ್ಟರಿಗೆ ಈ ವರ್ಷ ಕೊತ್ತಂಬರಿಯ ಹುಚ್ಚು. ಫಿಲಿಪೀನ್ಸಿನ ಕೆಜಾನ್ ಸಿಟಿಯಲ್ಲಿ ಬಾಡಿಗೆ ಮನೆ. ಬಾಲ್ಕನಿಯಲ್ಲಿ ಕುಂಡ ಇಟ್ಟರೆ ಬಟ್ಟೆ ಒಣಗಿಸಲು ಜಾಗವಿಲ್ಲ, ಬಟ್ಟೆ ಒಣಗಿಸಿದರೆ ಕುಂಡಕ್ಕೆ ಬಿಸಿಲಿಲ್ಲ. ಭಾನುವಾರ ನಾವು ನಾಲ್ವರು ಅಲ್ಲಿ ಸೇರಿದರೆ ಮೊದಲು ಕಾಫಿ, ಆಮೇಲೆ ಕೊತ್ತಂಬರಿಯ ಕ್ಷೇಮ ಸಮಾಚಾರ.

"ಹೇಗಿದೆ ಭಟ್ರೇ?" ಗಿರಿ ಕೇಳಿದ.

"ಹೂ ಬಿಟ್ಟಿದೆ."

"ಅಯ್ಯೋ, ಸಿಹಿ ಹಂಚಿ ಮತ್ತೆ!"

"ಏನು ಸಿಹಿ? ಗೇಣುದ್ದ ಬೆಳೆದಿಲ್ಲ, ಹತ್ತು ಎಲೆ ಕೊಟ್ಟಿಲ್ಲ, ಆಗಲೇ ಹೂವು. ದಿನಕ್ಕೆ ಮೂರು ಸಲ ಅಲಾರಂ ಇಟ್ಟು ನೀರು ಹಾಕಿದೀನಿ. ಮಣ್ಣಿನ ತೇವ ನೋಡೋಕೆ ಮೀಟರ್ ತರಿಸಿದೀನಿ."

"ಇದು ಕೃಷಿ ಅಲ್ಲ ಭಟ್ರೇ, ಐಸಿಯು," ಎಂದ ಗಿರಿ.

ಸುಮಾ ಕುಂಡದ ಪಕ್ಕ ಕೂತು ಎಲೆ ತಿರುಗಿಸಿ ನೋಡಿದಳು. "ಸೆಕೆಗೆ ಹೀಗಾಗುತ್ತೆ. ಕೊತ್ತಂಬರಿಗೆ ತಂಪು ಬೇಕು. ಇಲ್ಲಿನ ಮಾರ್ಕೆಟ್ಟಿಗೆ ತಂಪಿನ ತರಕಾರಿ ಹೆಚ್ಚಾಗಿ ಬರೋದು ಬೆಂಗೆಟ್ ಬೆಟ್ಟದಿಂದ. ಅಲ್ಲಿನ ಬಾಗಿಯೊ ಊರೇ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಕೊತ್ತಂಬರಿಗೆ ಎತ್ತರ ಬೇಕು ಭಟ್ರೇ."

"ನಾನೂ ಎರಡನೇ ಮಹಡಿಯಲ್ಲೇ ಇದೀನಲ್ಲ."

ಭಟ್ಟರ ಸಂಕಟ ಹೆಚ್ಚಾಗಲು ಕಾರಣ ಕೆಳಗಿನ ಮನೆಯ ಲೋಲಾ. ಲೋಲಾ ಎಂದರೆ ಅಜ್ಜಿ. ಇಡೀ ಗಲ್ಲಿಗೆ ಅವರು ಲೋಲಾ. ಅವರ ತೋಟ ಎಂದರೆ ಗೇಟಿಗೂ ಗೋಡೆಗೂ ನಡುವಿನ ಒಂದು ಮಾರು ಜಾಗ. ಅದರಲ್ಲಿ ಐಸ್‌ಕ್ರೀಂ ಡಬ್ಬಿ, ಎಣ್ಣೆ ಡಬ್ಬ, ಪೇಂಟಿನ ಬಕೆಟ್ಟು, ಕೆಟ್ಟುಹೋದ ರೈಸ್ ಕುಕ್ಕರಿನ ಪಾತ್ರೆ. ಒಂದರಲ್ಲಿ ಪರಿಮಳದ ಎಲೆಯ ಪಂಡಾನ್, ಒಂದರಲ್ಲಿ ತಂಗ್ಲಾಡ್ ಅಂದರೆ ನಮ್ಮ ಮಜ್ಜಿಗೆ ಹುಲ್ಲು, ಇನ್ನೊಂದರಲ್ಲಿ ಸೂಜಿಯಂಥ ಲಬೂಯೊ ಮೆಣಸಿನ ಗಿಡ. ಗ್ರಿಲ್ಲಿಗೆ ಹಬ್ಬಿದ ಬಸಳೆ. ಮೂಲೆಯಲ್ಲಿ ನುಗ್ಗೆ. ಅಲಾರಂ ಇಲ್ಲ, ಮೀಟರ್ ಇಲ್ಲ. ಬೆಳಿಗ್ಗೆ ಅನ್ನಕ್ಕಿಡುವಾಗ ಅಕ್ಕಚ್ಚು ಒಂದೊಂದು ಡಬ್ಬಿಗೆ ಸುರಿದರೆ ಆಯಿತು. ಅದರಲ್ಲೂ ಸ್ವಲ್ಪ ಸಾರಿಗೆ ಎತ್ತಿಟ್ಟುಕೊಂಡು, ಮಿಕ್ಕಿದ್ದು ಗಿಡಕ್ಕೆ.

"ನಾನು ಆನ್‌ಲೈನಲ್ಲಿ ಗೊಬ್ಬರ ತರಿಸ್ತೀನಿ. ಅವರು ಅಕ್ಕಿ ತೊಳೆದ ನೀರು ಚೆಲ್ತಾರೆ. ನ್ಯಾಯ ಇದೆಯಾ?" ಎಂದರು ಭಟ್ಟರು.

"ಗಿಡ ಬಿಲ್ ನೋಡಲ್ಲ ಭಟ್ರೇ," ಎಂದೆ ನಾನು.

ನನ್ನ ಕೇಳಿದರೆ ಲೋಲಾ ಗಿಡಗಳಿಗೆ ಆರೈಕೆ ಇಲ್ಲ ಎನ್ನುವುದೇ ಸುಳ್ಳು. ದಿನಾ ಅಡುಗೆಗೆ ಕೀಳುತ್ತಾರಲ್ಲ, ಅದೇ ಆರೈಕೆ. ಕಿತ್ತಷ್ಟೂ ಚಿಗುರು. ಕೀಳಲು ಬಂದವರ ಕಣ್ಣಿಗೆ ಹುಳವೂ ಬೀಳುತ್ತದೆ, ಒಣಗಿದ ಎಲೆಯೂ ಬೀಳುತ್ತದೆ. ಭಟ್ಟರು ಮಾತ್ರ ಗಿಡದ ಫೋಟೊ ತೆಗೆಯುತ್ತಾರೆ, ಎಲೆ ಮುಟ್ಟಲು ಬಿಡುವುದಿಲ್ಲ.

ಅಷ್ಟರಲ್ಲಿ ಗಿರಿ ಕೆಮ್ಮಿದ. ವಾರದಿಂದ ಕೆಮ್ಮುತ್ತಿದ್ದ. "ಲೋಲಾ ಏನೋ ಎಲೆ ಕೊಟ್ಟಿದಾರೆ, ಓರೆಗಾನೊ ಅಂತೆ. ಕೆಮ್ಮಿಗೆ ಪಿಜ್ಜಾ ಮಸಾಲೆ ಯಾರಾದ್ರೂ ಕೊಡ್ತಾರಾ?" ಎಂದು ಜೇಬಿನಿಂದ ಎಲೆ ತೆಗೆದ.

ದಪ್ಪ ಎಲೆ. ಮೇಲೆಲ್ಲ ನವಿರು ರೋಮ, ಅಂಚಿನಲ್ಲಿ ಗುಂಡು ಗುಂಡು ಹಲ್ಲು. ಮುರಿದರೆ ಪಟ್ಟನೆ ಮುರಿಯಿತು, ಬೆರಳೆಲ್ಲ ಘಾಟು. ಭಟ್ಟರು ಮೂಸಿದವರೇ ಎದ್ದು ನಿಂತರು.

"ಲೋ, ಇದು ದೊಡ್ಡಪತ್ರೆ ಕಣೋ! ನಮ್ಮಜ್ಜಿ ಇದರ ತಂಬುಳಿ ಮಾಡ್ತಿದ್ರು. ಬಿಸಿ ಕಾವಲಿ ಮೇಲೆ ಬಾಡಿಸಿ ರಸ ಹಿಂಡಿ ಜೇನಿನ ಜೊತೆ ನೆಕ್ಕಿಸ್ತಿದ್ರು."

"ಇಲ್ಲೂ ಎಲೆ ಬಾಡಿಸಿ ರಸ ಹಿಂಡ್ತಾರೆ, ಕಲಮಾನ್ಸಿ ನಿಂಬೆ ಬೆರೆಸ್ತಾರೆ," ಎಂದಳು ಸುಮಾ. "ಪಿಜ್ಜಾದ ಓರೆಗಾನೊ ಬೇರೆಯೇ ಗಿಡ. ಇದನ್ನ ಬೆಳೆಸೋಕೆ ಬುದ್ಧಿಯೂ ಬೇಡ. ನಾಲ್ಕು ಬೆರಳುದ್ದ ಕಡ್ಡಿ ಮುರಿದು ಚುಚ್ಚಿ. ಮಣ್ಣು ಒಣಗಿದ ಮೇಲೆ ನೀರು. ಜಾಸ್ತಿ ಹಾಕಿದ್ರೆ ಬುಡ ಕೊಳೆಯುತ್ತೆ. ಅಂದ್ರೆ ನಿಮ್ಮ ಅಲಾರಂ ಆಫ್ ಮಾಡಬೇಕು."

ಭಟ್ಟರು ಅಲಾರಂ ಆಫ್ ಮಾಡಲಿಲ್ಲ. ದನಿ ಮಾತ್ರ ತಗ್ಗಿಸಿದರು.

ಮಾತು ಪಂಡಾನ್ ಕಡೆ ತಿರುಗಿತು. ಗಿರಿ ಮನೆಯಲ್ಲಿ ಅಗ್ಗದ ಅಕ್ಕಿ. ಆದರೆ ಕುಕ್ಕರ್ ಮುಚ್ಚಳ ತೆಗೆದರೆ ಹಬ್ಬದ ಪರಿಮಳ. ಗುಟ್ಟು ಇಷ್ಟೆ. ಎರಡು ಪಂಡಾನ್ ಎಲೆ ಗಂಟು ಹಾಕಿ ಅಕ್ಕಿಯ ಮೇಲಿಡುವುದು.

"ಬಾಸ್ಮತಿಯ ವಾಸನೆಗೂ ಪಂಡಾನ್ ವಾಸನೆಗೂ ಕಾರಣ ಒಂದೇ ವಸ್ತು. 2-ಅಸಿಟೈಲ್-1-ಪೈರೋಲಿನ್," ಎಂದಳು ಸುಮಾ.

"ಹೆಸರು ಹೇಳಬೇಡ ಮಾರಾಯ್ತಿ, ಅನ್ನ ಹಳಸುತ್ತೆ," ಎಂದ ಗಿರಿ.

"ಕೇದಿಗೆಯ ಸಂಬಂಧಿ ಇದು. ಹೂ ಬಿಡೋದು ತೀರಾ ಅಪರೂಪ, ಬೀಜ ಹುಡುಕಬೇಡಿ. ಬುಡದಲ್ಲಿ ಮರಿ ಏಳುತ್ತೆ. ಬೇರು ಬಿಟ್ಟ ಮರಿ ಕಿತ್ತು ನೆಟ್ಟರೆ ಆಯ್ತು. ಅರೆ ನೆರಳು, ಸದಾ ಒದ್ದೆ ಮಣ್ಣು. ಕೀಳುವಾಗ ಹೊರಗಿನ ಹಳೇ ಎಲೆ ಮೊದಲು."

"ಸದಾ ಒದ್ದೆ!" ಭಟ್ಟರ ಮುಖ ಅರಳಿತು. "ಇದು ನನ್ನ ಗಿಡ."

"ಒದ್ದೆ ಅಂದ್ರೆ ತಟ್ಟೆ ತುಂಬ ನೀರು ನಿಲ್ಲಿಸೋದಲ್ಲ. ಸೊಳ್ಳೆ ಮೊಟ್ಟೆ ಇಡುತ್ತೆ, ಡೆಂಗಿ ಬರುತ್ತೆ."

ಮರಿ ತರುವುದು ಹೇಗೆ ಎನ್ನುವುದು ಮುಂದಿನ ಚರ್ಚೆ. ಕದ್ದು ತಂದ ಗಿಡ ಚೆನ್ನಾಗಿ ಚಿಗುರುತ್ತದೆ ಎಂದು ಗಿರಿ ವಾದಿಸಿದ. ರಾತ್ರಿ ಕಾರ್ಯಾಚರಣೆಗೆ ಟಾರ್ಚ್ ಯಾರು ಹಿಡಿಯಬೇಕು ಎನ್ನುವ ತನಕ ಹೋಯಿತು. ಸುಮಾ ಸುಮ್ನೆ ಬಾಲ್ಕನಿಯಿಂದ ಬಗ್ಗಿ "ಲೋಲಾ, ಪಹಿಂಗಿ ಪೊ!" ಎಂದಳು. ಸ್ವಲ್ಪ ಕೊಡಿ ಎಂದಷ್ಟೆ. ಎರಡು ನಿಮಿಷದಲ್ಲಿ ಪ್ಲಾಸ್ಟಿಕ್ ಚೀಲ ಮೇಲೆ ಬಂತು. ಪಂಡಾನ್ ಮರಿ, ಹಿಡಿ ಮಜ್ಜಿಗೆ ಹುಲ್ಲು, ಜೊತೆಗೆ ಬೇರು ಸಮೇತ ಈರುಳ್ಳಿ ಹೂವಿನ ನಾಲ್ಕು ಬುಡ. ಸೊಪ್ಪು ಬಳಸಿ ಬುಡವನ್ನು ಮಣ್ಣಿಗೆ ಚುಚ್ಚಿದರೆ ಮತ್ತೆ ಸೊಪ್ಪು.

"ಈರುಳ್ಳಿ ಕೊಟ್ಟಿದಾರೆ ಅಂದ್ರೆ ಮರ್ಯಾದೆ ಇಟ್ಕೊಂಡಿದಾರೆ," ಎಂದ ಗಿರಿ. "2022ರ ಡಿಸೆಂಬರ್ ನೆನಪಿದೆಯಾ? ಗಡ್ಡೆ ಈರುಳ್ಳಿ ಕಿಲೋಗೆ 700 ಪೆಸೊ ಮುಟ್ಟಿತ್ತು. ಕೋಳಿಗಿಂತ ದುಬಾರಿ. ಮುಂದಿನ ತಿಂಗಳು ಇಲೊಯಿಲೊದಲ್ಲಿ ಒಬ್ಬಳು ಮದುಮಗಳು ಹೂವಿನ ಬದಲು ಈರುಳ್ಳಿ ಗೊಂಚಲು ಹಿಡಿದು ಚರ್ಚಿಗೆ ಹೋದಳಲ್ಲ."

"ಗಲ್ಫಿಂದ ಬಂದ ವಿಮಾನ ಸಿಬ್ಬಂದಿಯ ಬ್ಯಾಗಲ್ಲಿ ಈರುಳ್ಳಿ ಸಿಕ್ಕಿ ಕಸ್ಟಮ್ಸ್‌ನವರು ಹಿಡಿದಿದ್ದೂ ಆಗಲೇ," ಎಂದೆ. "ಹಿಂದೆಲ್ಲ ಗಲ್ಫಿಂದ ಬಂಗಾರ ತರ್ತಿದ್ರು."

ಭಟ್ಟರು ಆ ನಾಲ್ಕು ಬುಡಗಳನ್ನು ಎತ್ತಿ ಒಳಗಿಟ್ಟರು. ಲಾಕರ್ ಇದ್ದಿದ್ದರೆ ಅಲ್ಲಿಡುತ್ತಿದ್ದರು.

ಮಜ್ಜಿಗೆ ಹುಲ್ಲಿಗೆ ಬೇಕಾದ್ದು ಬರೀ ಬಿಸಿಲು. ಬುಡ ಕತ್ತರಿಸದ ದಂಟನ್ನು ಲೋಟದ ನೀರಲ್ಲಿಟ್ಟು, ಬೇರು ಬಂದ ಮೇಲೆ ನೆಟ್ಟರೆ ಪೊದೆಯಾಗುತ್ತದೆ. ಸೆಬು ಕಡೆಯವರು ಇಡೀ ಹಂದಿ ಸುಡುವಾಗ ಹೊಟ್ಟೆಯೊಳಗೆ ಇದನ್ನೇ ಕಂತೆಗಟ್ಟಲೆ ತುಂಬುತ್ತಾರೆ. ಇದನ್ನು ಹೇಳಿದ ಗಿರಿಗೆ ಭಟ್ಟರು ಕೈಮುಗಿದರು. "ನಾನು ಕಷಾಯಕ್ಕೆ ಹಾಕ್ಕೋತೀನಿ, ಹೊಟ್ಟೆ ವಿಚಾರ ಬಿಡು."

ಪಾಪ, ಈ ಊರಲ್ಲಿ ಸಸ್ಯಾಹಾರಿಯ ಪಾಡು ಸಸ್ಯಾಹಾರಿಗೇ ಗೊತ್ತು. ಶುಕ್ರವಾರ ಮನೆಮನೆಯಲ್ಲಿ ಹೆಸರುಕಾಳಿನ ಸಾರು ಕುದಿಯುತ್ತದೆ. ಕ್ಯಾಥೋಲಿಕರು ಶುಕ್ರವಾರ ಮಾಂಸ ಬಿಡುವ ಪದ್ಧತಿಯಿಂದ ಬಂದದ್ದು. ಮೇಲೆ ಹಿಡಿ ನುಗ್ಗೆಸೊಪ್ಪು. ಇದನ್ನು ಕೇಳಿ ಭಟ್ಟರು ಹಿಂದೊಮ್ಮೆ ಲೋಲಾ ಮನೆಗೆ ಪಾತ್ರೆ ಹಿಡಿದು ಇಳಿದಿದ್ದರು. ಸೌಟು ಆಡಿಸಿದರೆ ತಳದಿಂದ ಸಿಗಡಿ ಎದ್ದು ಬಂತು. "ಮಾಂಸ ಇಲ್ಲ, ಸಿಗಡಿ ಅಷ್ಟೆ," ಎಂದು ಲೋಲಾ ಪ್ರೀತಿಯಿಂದ ಸಮಾಧಾನ ಮಾಡಿದರಂತೆ. ಅಂದಿನಿಂದ ಅವರು ಸೊಪ್ಪು ಮಾತ್ರ ಕೊಡುತ್ತಾರೆ, ಭಟ್ಟರು ತಾವೇ ಬೇಯಿಸಿಕೊಳ್ಳುತ್ತಾರೆ.

ಮೆಣಸಿನ ಗಿಡದಲ್ಲಿ ಕಾಯಿಯಷ್ಟೇ ಎಲೆಯೂ ಇಲ್ಲಿನವರಿಗೆ ಬೇಕು. ಶುಂಠಿ ಹಾಕಿದ ಕೋಳಿ ಸಾರು ತಿನೋಲಕ್ಕೆ ನುಗ್ಗೆಸೊಪ್ಪು ಸಿಗದಿದ್ದರೆ ಮೆಣಸಿನ ಎಲೆ ಬೀಳುತ್ತದೆ. ಭಟ್ಟರಿಗೆ ಇದೊಂದು ಹಿಡಿಸಿತು. ಕಾಯಿ ಬಿಡದ ಗಿಡವೂ ಲೆಕ್ಕಕ್ಕೆ ಸೇರಿತಲ್ಲ!

"ಸರಿ, ಎಲ್ಲ ನೆಟ್ಟೆ. ಬಿರುಗಾಳಿ ಬಂದ್ರೆ?" ಭಟ್ಟರು ಕೊನೆಯ ಆಕ್ಷೇಪ ಎತ್ತಿದರು. ಅದು ನಿಜವೇ. ವರ್ಷಕ್ಕೆ ಇಪ್ಪತ್ತರ ಹತ್ತಿರ ಚಂಡಮಾರುತ ಈ ದೇಶದ ಹತ್ತಿರ ಸುಳಿಯುತ್ತವೆ. ಹವಾಮಾನ ಇಲಾಖೆ 1ರಿಂದ 5ರವರೆಗೆ ಸಿಗ್ನಲ್ ಕೊಡುತ್ತದೆ. ಭಟ್ಟರು ಅದಕ್ಕೂ ಪಟ್ಟಿ ಮಾಡಿದ್ದರು. "1ಕ್ಕೆ ಪುದೀನ ಒಳಗೆ. 2ಕ್ಕೆ ದೊಡ್ಡಪತ್ರೆ, ಪಂಡಾನ್ ಬಚ್ಚಲಿಗೆ. 3 ಬಂದ್ರೆ ಬಚ್ಚಲಲ್ಲಿ ಜಾಗ ಇರಲ್ಲ, ನಾನು ಸ್ನಾನ ಬಿಡ್ತೀನಿ."

"ಲೋಲಾ ಏನ್ ಮಾಡ್ತಾರೆ?"

"ಡಬ್ಬಿಗಳನ್ನ ಗೋಡೆ ಮೂಲೆಗೆ ಒತ್ತಿ ಇಡ್ತಾರೆ," ಎಂದಳು ಸುಮಾ. "ನುಗ್ಗೆ ಮರನ ಎದೆಮಟ್ಟಕ್ಕೆ ಕಡಿದು ಬಿಡ್ತಾರೆ. ಇಲ್ಲಾಂದ್ರೆ ಗಾಳಿಗೆ ಕೊಂಬೆ ಮುರಿದು ತಂತಿ ಮೇಲೆ ಬೀಳುತ್ತೆ. ಕಡಿದ ಸೊಪ್ಪೆಲ್ಲ ಗಲ್ಲಿಗೆ ಹಂಚ್ತಾರೆ. ಮತ್ತೆ ಚಿಗುರುತ್ತೆ, ಅದಕ್ಕೇನು."

"ಗಲ್ಲಿಗೆಲ್ಲ? ಅಂದ್ರೆ ನಮಗೂ?" ಗಿರಿ ಫೋನ್ ತೆಗೆದು ಹವಾಮಾನ ನೋಡತೊಡಗಿದ. "ಮುಂದಿನದು ಯಾವಾಗ ಬರುತ್ತೆ ನೋಡೋಣ."

"ಥೂ, ಹಾಗೆಲ್ಲ ಬಯಸ್ತಾರೇನೋ!" ಸುಮಾ ಬೈದಳು. ಆಮೇಲೆ ಭಟ್ಟರ ಕಡೆ ತಿರುಗಿ ಕೇಳಿದಳು. "ನುಗ್ಗೆಸೊಪ್ಪಿನ ಪಲ್ಯಕ್ಕೆ ತೆಂಗಿನಕಾಯಿ ಇದೆಯಾ ಮನೇಲಿ?"