ಸಹಾಯ ಬೇಕು: ಹಳೆಯ ಗುಂಪು ಫೋಟೋದ ಸಂಯೋಜನೆಯನ್ನು ಓದುವುದು ಹೇಗೆ?

ನಮಸ್ಕಾರ. ಒಂದು ಹಳೆಯ ಕಪ್ಪು-ಬಿಳುಪು ಫೋಟೋ ಎರಡು ವಾರದಿಂದ ನನ್ನನ್ನು ಕಾಡುತ್ತಿದೆ. 23 ಜನ, ಮೂರು ಸಾಲು: ನೆಲದಲ್ಲಿ ಮಕ್ಕಳು, ಕುರ್ಚಿಗಳಲ್ಲಿ ಹಿರಿಯರು, ಹಿಂದೆ ನಿಂತವರು. ಅವರು ಯಾರ್‍ಯಾರು ಎಂಬುದಲ್ಲ ನನ್ನ ಪ್ರಶ್ನೆ. ಚಿತ್ರವನ್ನು ಕಟ್ಟಿದ ಬಗೆ ಅರ್ಥವಾಗಬೇಕು.

ಕುರ್ಚಿಗಳ ಸಾಲು ಬಿಲ್ಲಿನಂತೆ ಬಾಗಿದೆ, ಎರಡೂ ತುದಿ ಕ್ಯಾಮೆರಾದ ಕಡೆಗೆ. ತುದಿಯವರೂ ಲೆನ್ಸಿನಿಂದ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿದ್ದರೆ ಫೋಕಸ್ ಕೆಡುವುದಿಲ್ಲ, ಅದಕ್ಕೇ ಹೀಗೆ ಕೂರಿಸುತ್ತಿದ್ದರು. ಇಷ್ಟು ಗೊತ್ತು. ಆದರೆ ನನ್ನ ಕಣ್ಣು ನಡುವಿನ ಹಿರಿಯರ ಮೇಲೆ ನಿಲ್ಲುವುದೇ ಇಲ್ಲ. ಪ್ರತಿ ಸಲವೂ ಎಡತುದಿಯ ಪುಟ್ಟ ಹುಡುಗಿಯ ಕಡೆಗೆ ಜಾರುತ್ತದೆ. ಎಲ್ಲರೂ ಲೆನ್ಸನ್ನು ನೋಡುತ್ತಿದ್ದರೆ ಅವಳೊಬ್ಬಳು ಚೌಕಟ್ಟಿನಾಚೆ ಏನನ್ನೋ ನೋಡುತ್ತಿದ್ದಾಳೆ. ಮೈಮೇಲೆ ಬಿಳಿ ಉಡುಪು, ಬೆನ್ನಿಗೆ ಕಪ್ಪು ಕೋಟುಗಳ ಗೋಡೆ. ಎಷ್ಟು ಚೆಂದ ಅಂತೀರಿ!

ಇದನ್ನು ಸಂಯೋಜನೆಯ ದೋಷ ಎನ್ನಬೇಕೋ, ಇಡೀ ಚಿತ್ರಕ್ಕೆ ಜೀವ ಕೊಡುವ ಬಿಂದು ಎನ್ನಬೇಕೋ? ನನಗೆ ಎರಡನೆಯದೇ ಸರಿ ಅನಿಸುತ್ತದೆ, ಆದರೆ ಕಾರಣ ಕೊಡಲು ಬರುತ್ತಿಲ್ಲ.

ಇನ್ನೊಂದು ಗೊಂದಲ. ಆರ್ಥೋಕ್ರೊಮ್ಯಾಟಿಕ್ ಎಂಬ ಹಳೆಯ ಬಗೆಯ ಕಪ್ಪು-ಬಿಳುಪು ಫಿಲ್ಮಿಗೆ ಕೆಂಪು ಬಣ್ಣ ಕಾಣುವುದಿಲ್ಲ, ಕೆಂಪು ಬಟ್ಟೆ ಕಪ್ಪಾಗಿಯೇ ಮೂಡುತ್ತದೆ. ಈ ಫೋಟೋವನ್ನೂ ಅಂಥ ಫಿಲ್ಮಿನಲ್ಲೇ ತೆಗೆದಿದ್ದರೆ, ಈ ಕಪ್ಪು-ಬಿಳುಪಿನ ಸಮತೋಲನವನ್ನು ಫೋಟೋಗ್ರಾಫರ್ ಯೋಚಿಸಿ ತಂದದ್ದು ಎಂದು ಎಷ್ಟರಮಟ್ಟಿಗೆ ನಂಬಬಹುದು?

ಬಲ ಅಂಚಿನಲ್ಲಿ ಖಾಲಿ ಕುರ್ಚಿಯೊಂದರ ಅರ್ಧ ಭಾಗವೂ ಕಾಣುತ್ತದೆ. ಪ್ರಿಂಟ್ ಕತ್ತರಿಸಿದ್ದಾರೋ ಏನೋ. ಚಿತ್ರಕಲೆ, ಫೋಟೋಗ್ರಫಿ ಬಲ್ಲವರು ನೀವು ಇಂಥ ಚಿತ್ರವನ್ನು ಎಲ್ಲಿಂದ ನೋಡಲು ಶುರುಮಾಡುತ್ತೀರಿ, ದಯವಿಟ್ಟು ವಿವರವಾಗಿ ಹೇಳಿ.